ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್

ಚಳಿಗಾಲದ ಬೆಳಗ್ಗೆ ವಾಹನದ ಮುಂಗಾಜಿನ ಒಳಮೈಗೆ ಕವಿಯುವ ಮಂಜು ಸಾಮಾನ್ಯವಾಗಿ ಒಂದು ಒಣಬಟ್ಟೆಗೆ ಮಣಿಯುತ್ತದೆ. ಹಾಗಾಗದೆ, ಒರೆಸಿದಷ್ಟೂ ಎಣ್ಣೆಗೈ ಸವರಿದಂತೆ ಗಾಜು ಮಸುಕಾಗುತ್ತಾ ಹೋದರೆ, ಕ್ಯಾಬಿನ್‌ನೊಳಗೆ ಸಕ್ಕರೆ ಪಾಕದಂಥ ಸಿಹಿ ವಾಸನೆ ಸುಳಿದರೆ, ಪಕ್ಕದ ಸೀಟಿನವರ ಕಾಲಡಿಯ ಕಾರ್ಪೆಟ್ ಮಳೆಯಿಲ್ಲದೆಯೂ ಒದ್ದೆಯಾಗಿದ್ದರೆ, ಆ ವಾಹನದ ಹೀಟರ್ ಕೋರ್, ಅಂದರೆ ಕ್ಯಾಬಿನ್‌ನ ಗಾಳಿಯನ್ನು ಬಿಸಿ ಮಾಡುವ ಭಾಗ, ಸೋರುತ್ತಿದೆಯೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಜನವರಿಯ ರಾತ್ರಿ ತಾಪಮಾನ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಸಾಮಾನ್ಯವಾಗಿರುವ ಅಮೆರಿಕದ ಮಿನೆಸೊಟ, ನಾರ್ತ್ ಡಕೋಟ ರಾಜ್ಯಗಳಲ್ಲಿ ಹಳೆಯ ಪಿಕಪ್ ಟ್ರಕ್ಕುಗಳನ್ನು ಓಡಿಸುವವರಿಗೆ ಈ ಮೂರು ಲಕ್ಷಣಗಳೂ ಪರಿಚಿತ. ನಮ್ಮ ಕಡೆಯ ಚಾಲಕರು ಎ.ಸಿ. ಗುಂಡಿಯನ್ನು ಕೆಂಪು ಗೆರೆಯ ಕಡೆಗೆ ತಿರುಗಿಸುವುದೇ ಅಪರೂಪವಾದ್ದರಿಂದ, ಇಂಥದೊಂದು ಭಾಗ ತಮ್ಮ ಕಾರಿನಲ್ಲೂ ಇದೆ ಎಂಬುದು ಅನೇಕರ ಗಮನಕ್ಕೇ ಬಂದಿರುವುದಿಲ್ಲ.

ಗಾಜಿನ ಮೇಲಿನ ಆ ಜಿಡ್ಡಿನಲ್ಲೇ ಸಮಸ್ಯೆಯ ಅರ್ಧ ವಿಜ್ಞಾನ ಅಡಗಿದೆ. ಎಂಜಿನ್ನಿನೊಳಗೆ ಸುತ್ತಿ ಅದನ್ನು ತಣಿಸುವ ಕೂಲಂಟ್ ಎಂಬುದು ನೀರು ಮತ್ತು ಎಥಿಲೀನ್ ಗ್ಲೈಕಾಲ್‌ಗಳ ಮಿಶ್ರಣ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಗ್ಲೈಕಾಲ್ ಕುದಿಯಲು ಸುಮಾರು 197 ಡಿಗ್ರಿ ಬೇಕು. ಎಂದರೆ ಸಾಮಾನ್ಯ ತಾಪಮಾನದಲ್ಲಿ ಅದು ಆವಿಯಾಗುವುದು ಬಹಳ ನಿಧಾನ. ಸೋರಿದ ಬಿಸಿ ಕೂಲಂಟ್ ಸೂಕ್ಷ್ಮ ತುಂತುರಾಗಿಯೂ ಆವಿಯಾಗಿಯೂ ಬ್ಲೋಯರ್‌ನ ಗಾಳಿಯೊಡನೆ ಹೊರಟು ತಣ್ಣನೆಯ ಗಾಜಿಗೆ ಬಡಿದು ಕೂರುತ್ತದೆ. ಅದರಲ್ಲಿನ ನೀರು ಆರಿಹೋದರೂ ಗ್ಲೈಕಾಲ್ ಉಳಿಯುತ್ತದೆ. ಉಳಿಯುವುದಷ್ಟೇ ಅಲ್ಲದೆ, ತೇವವನ್ನು ಹೀರಿಕೊಳ್ಳುವ ಸ್ವಭಾವದ್ದಾದ್ದರಿಂದ ಗಾಳಿಯಲ್ಲಿನ ನೀರಿನಂಶವನ್ನು ಮತ್ತೆ ತನ್ನತ್ತ ಸೆಳೆಯುತ್ತದೆ. ಎ.ಸಿ.ಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೂ ಕಾರ್ಪೆಟ್ ಒದ್ದೆಯಾಗುವುದುಂಟು. ಎರಡನ್ನೂ ಬೇರ್ಪಡಿಸಲು ಯಂತ್ರವೇನೂ ಬೇಡ: ಒದ್ದೆಯನ್ನು ಬೆರಳಿಗೆ ತಾಗಿಸಿ ಉಜ್ಜಿದಾಗ ಜಾರಿದರೆ, ಅಂಟಿದರೆ, ಅದು ಕೂಲಂಟ್, ಬರಿಯ ನೀರಿನಂತಿದ್ದರೆ ಎ.ಸಿ.ಯದು. ಬಾಯಿಗೆ ಹಾಕಿ ನೋಡುವ ದುಸ್ಸಾಹಸ ಮಾತ್ರ ಕೂಡದು. ಕಾರಣ ಮುಂದೆ ಬರುತ್ತದೆ.

ಹೀಟರ್ ಕೋರ್ ಎನ್ನುವುದು ಒಂದು ದಪ್ಪ ಪುಸ್ತಕದಷ್ಟು ಗಾತ್ರದ ರೇಡಿಯೇಟರ್. ಚಪ್ಪಟೆಯಾದ ಸಣ್ಣ ಕೊಳವೆಗಳ ಸಾಲು, ಅವುಗಳ ನಡುವೆ ನಿರಿಗೆ ಹಿಡಿದಂತೆ ಮಡಚಿದ ತೆಳು ಲೋಹದ ಪಟ್ಟಿಗಳು, ಬಿಸಿ ಕೂಲಂಟ್ ಒಳಬರಲು ಒಂದು ನಳಿಗೆ, ಹೊರಹೋಗಲು ಇನ್ನೊಂದು: ಇಷ್ಟೇ ಅದರ ಅಂಗರಚನೆ. ಕೂಲಂಟ್‌ನಿಂದ ಲೋಹಕ್ಕೆ ಉಷ್ಣ ಸುಲಭವಾಗಿ ದಾಟುತ್ತದೆ. ಲೋಹದಿಂದ ಗಾಳಿಗೆ ದಾಟುವುದೇ ಕಷ್ಟ. ಆ ಕೊರತೆಯನ್ನು ತುಂಬಲು ಗಾಳಿ ತಾಗುವ ಮೈಯನ್ನು ಹಲವು ಪಟ್ಟು ಹೆಚ್ಚಿಸಬೇಕಾಗುತ್ತದೆ, ಆ ನಿರಿಗೆಗಳಿರುವುದು ಅದಕ್ಕಾಗಿಯೇ. ಕಾದ ಗಾಳಿಯನ್ನೂ ತಣ್ಣನೆಯ ಗಾಳಿಯನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸಲು ಪೆಟ್ಟಿಗೆಯೊಳಗೆ ಒಂದು ಪುಟ್ಟ ಕದವಿರುತ್ತದೆ. ಡ್ಯಾಶ್‌ಬೋರ್ಡಿನ ಗುಂಡಿಯನ್ನು ತಿರುಗಿಸಿದಾಗ ಅನೇಕ ವಾಹನಗಳಲ್ಲಿ ಚಲಿಸುವುದು ಈ ಕದವೇ ಹೊರತು ನೀರಿನ ನಲ್ಲಿಯಲ್ಲ. ಹಾಗಾಗಿ ನಾವು ಹೀಟರ್ ಹಾಕಲಿ ಬಿಡಲಿ, ಕೋರ್‌ನೊಳಗೆ ಬಿಸಿ ಕೂಲಂಟ್ ಸದಾ ಹರಿಯುತ್ತಲೇ ಇರುತ್ತದೆ.

ಈ ಉಷ್ಣಕ್ಕೆ ಪ್ರತ್ಯೇಕ ಇಂಧನ ಸುಡಬೇಕಿಲ್ಲ. ಪೆಟ್ರೋಲ್ ಎಂಜಿನ್ನಿಗೆ ಹಾಕಿದ ಇಂಧನದ ಶಕ್ತಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕೂಲಂಟ್ ಮೂಲಕ ವ್ಯರ್ಥವಾಗಿ ಹೊರಹೋಗುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 10 ಲೀಟರ್ ಪೆಟ್ರೋಲ್ ಕುಡಿಯುವ ಟ್ರಕ್ಕೊಂದರ ಲೆಕ್ಕ ಹಾಕಿದರೆ, ಲೀಟರಿಗೆ ಸುಮಾರು 32 ಮೆಗಾಜೂಲ್‌ನಂತೆ ಒಟ್ಟು ಶಕ್ತಿ ಸುಮಾರು 90 ಕಿಲೋವಾಟ್ ಆಗುತ್ತದೆ; ಅದರಲ್ಲಿ 20ರಿಂದ 30 ಕಿಲೋವಾಟ್ ಕೂಲಂಟ್‌ನ ಪಾಲು. ನಿಮಿಷಕ್ಕೆ 10 ಲೀಟರ್ ಕೂಲಂಟ್ ಹೀಟರ್ ಕೋರ್‌ನೊಳಗೆ ಹರಿದು 10 ಡಿಗ್ರಿಯಷ್ಟು ತಣಿದು ಹೊರಬಂದರೆ ಕ್ಯಾಬಿನ್‌ಗೆ ಸಿಗುವುದು ಆರು ಕಿಲೋವಾಟ್‌ಗೆ ಸಮೀಪದ ಉಷ್ಣ, ಅಂದರೆ ನಮ್ಮ ಬಚ್ಚಲುಮನೆಯ ಎರಡು ಮೂರು ಗೀಸರ್‌ಗಳನ್ನು ಒಟ್ಟಿಗೆ ಹಾಕಿದಷ್ಟು. ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ವಿಪರೀತ ಕಾದರೆ ಎ.ಸಿ. ನಿಲ್ಲಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ಹಾಕಿ ಎಂದು ಅನುಭವಿ ಚಾಲಕರು ಹೇಳುವುದಕ್ಕೂ ಇದೇ ಆಧಾರ. ಒಳಗಿರುವವರು ಬೆವರಿದರೂ ಎಂಜಿನ್ನಿಗೆ ಎರಡನೆಯ ರೇಡಿಯೇಟರ್ ಒದಗಿದಂತಾಗುತ್ತದೆ. ವಿದ್ಯುತ್ ಕಾರುಗಳಿಗೆ ಈ ಬಿಟ್ಟಿ ಉಷ್ಣದ ಸೌಲಭ್ಯ ಹೆಚ್ಚಾಗಿ ಇಲ್ಲ. ಚಳಿನಾಡಿನಲ್ಲಿ ಒಂದೇ ಚಾರ್ಜ್‌ಗೆ ಅವು ಓಡುವ ದೂರ ಕುಗ್ಗುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಹತ್ತಾರು ವರ್ಷ ಸುಮ್ಮನಿದ್ದ ಕೋರ್ ಏಕೆ ತೂತಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೋರ್‌ಗಿಂತ ಹೆಚ್ಚಾಗಿ ಅದರೊಳಗೆ ಹರಿಯುವ ದ್ರವದಲ್ಲಿದೆ. ಎಥಿಲೀನ್ ಗ್ಲೈಕಾಲ್ ಶುದ್ಧರೂಪದಲ್ಲಿ ಸೊನ್ನೆಗಿಂತ ಸುಮಾರು 13 ಡಿಗ್ರಿ ಕೆಳಗೇ ಹೆಪ್ಪುಗಟ್ಟುತ್ತದೆ. ನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಿ. ಆದರೆ ಎರಡನ್ನೂ ಸಮಪಾಲಿನಲ್ಲಿ ಬೆರೆಸಿದರೆ ಆ ಮಿಶ್ರಣ ಸೊನ್ನೆಗಿಂತ 37 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಉಳಿಯುತ್ತದೆ. ಒಂದರ ಅಣುಗಳು ಇನ್ನೊಂದರ ಹರಳು ಕಟ್ಟುವ ಕೆಲಸಕ್ಕೆ ಅಡ್ಡ ಬರುತ್ತವೆ. ಆದ್ದರಿಂದ ನೀರು ಬೆರೆಸದೆ ಅಪ್ಪಟ ಕೂಲಂಟನ್ನೇ ತುಂಬಿದರೆ ಇನ್ನೂ ಒಳ್ಳೆಯದೆಂದು ಭಾವಿಸುವವರು ಚಳಿಯಿಂದ ಸಿಗುವ ರಕ್ಷಣೆಯನ್ನು ತಾವೇ ಕಳೆದುಕೊಳ್ಳುತ್ತಾರೆ. ಅಮೆರಿಕದಲ್ಲಿ 1927ರಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿ ಪ್ರೆಸ್ಟೋನ್ ಹೆಸರಿನಲ್ಲಿ ಗ್ಲೈಕಾಲನ್ನು ಮಾರುಕಟ್ಟೆಗೆ ತರುವ ಮೊದಲು ಜನ ರೇಡಿಯೇಟರಿಗೆ ಮದ್ಯಸಾರ ಸುರಿಯುತ್ತಿದ್ದರು. ಅದು ಎಂಜಿನ್ ಕಾದಾಗ ಆವಿಯಾಗಿ ಹೋಗುತ್ತಿತ್ತು.

ಬಿಸಿಯಲ್ಲಿ ವರ್ಷಗಟ್ಟಲೆ ಸುತ್ತಿದ ಗ್ಲೈಕಾಲ್ ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ನಿಧಾನವಾಗಿ ಆಮ್ಲಗಳಾಗಿ ಒಡೆಯುತ್ತದೆ. ಈ ಆಮ್ಲಗಳನ್ನು ತಟಸ್ಥಗೊಳಿಸಲು ಮತ್ತು ಲೋಹದ ಮೈಗೆ ರಕ್ಷಣೆಯ ಪದರ ಕಟ್ಟಲು ಕೂಲಂಟ್‌ನಲ್ಲಿ ಕೆಲವು ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಹಳೆಯ ಹಸಿರು ಕೂಲಂಟ್‌ನಲ್ಲಿ ಅವು ಎರಡು ಮೂರು ವರ್ಷಗಳಲ್ಲಿ ಮುಗಿದುಹೋಗುತ್ತವೆ. ದ್ರವ ಆಗಲೂ ಹಸಿರಾಗಿಯೇ ಕಾಣುತ್ತದೆ, ಹೆಪ್ಪುಗಟ್ಟದೆಯೂ ಇರುತ್ತದೆ, ಆದರೆ ಅದರ ಕಾಪಾಡುವ ಗುಣ ಹೋಗಿರುತ್ತದೆ. ಇದೇ ದ್ರವದಲ್ಲಿ ಎರಕದ ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಬೆಸುಗೆಯ ಸೀಸ ಎಲ್ಲವೂ ಒಟ್ಟಿಗೆ ನೆನೆದಿರುತ್ತವೆ. ಬೇರೆ ಬೇರೆ ಲೋಹಗಳು ವಿದ್ಯುತ್ ಹರಿಯಬಲ್ಲ ದ್ರವವೊಂದರಲ್ಲಿ ಮುಳುಗಿದ್ದು ಪರಸ್ಪರ ಸಂಪರ್ಕವೂ ಇದ್ದರೆ ಅದು ಶಾಲೆಯ ಪ್ರಯೋಗಾಲಯದ ವಿದ್ಯುತ್ ಕೋಶವೇ ಸರಿ. ಅವುಗಳಲ್ಲಿ ಹೆಚ್ಚು ಚುರುಕಾದ ಲೋಹ ಕರಗುತ್ತದೆ. ಅಲ್ಯೂಮಿನಿಯಂ ಕೋರ್‌ಗೆ ತೆಳುವಾದ ಆಕ್ಸೈಡ್ ಕವಚವೇ ರಕ್ಷೆ, ಮತ್ತು ಆ ಕವಚ ಹೆಚ್ಚು ಆಮ್ಲದಲ್ಲೂ ಬಾಳುವುದಿಲ್ಲ, ಹೆಚ್ಚು ಕ್ಷಾರದಲ್ಲೂ ಬಾಳುವುದಿಲ್ಲ.

ಇದರ ಜೊತೆಗೆ ಸುಲಭವಾಗಿ ಕಣ್ಣಿಗೆ ಬೀಳದ ಇನ್ನೊಂದು ಶತ್ರುವಿದೆ. ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದು ಸಡಿಲವಾದಾಗ, ಸ್ಟಾರ್ಟರ್ ಮತ್ತಿತರ ಉಪಕರಣಗಳ ಕರೆಂಟ್ ಬ್ಯಾಟರಿಗೆ ಮರಳಲು ಬೇರೆ ದಾರಿ ಹುಡುಕುತ್ತದೆ, ಕೂಲಂಟ್ ಅಂಥ ಒಂದು ದಾರಿ. ಹಾಗೆ ಹರಿದ ಕರೆಂಟ್ ಲೋಹ ಕರಗುವುದನ್ನು ಚುರುಕುಗೊಳಿಸುತ್ತದೆ. ಇದನ್ನು ಪತ್ತೆ ಮಾಡುವ ವಿಧಾನ ಸರಳ: ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ ತಾಗಿಸಿ, ಇನ್ನೊಂದನ್ನು ಲೋಹಕ್ಕೆ ಮುಟ್ಟದಂತೆ ಕೂಲಂಟ್‌ನಲ್ಲಿ ಅದ್ದಬೇಕು. ಮೂರು ಹತ್ತಾಂಶ ವೋಲ್ಟ್‌ಗಿಂತ ಹೆಚ್ಚು ತೋರಿದರೆ ಅನುಮಾನಪಡಬೇಕೆಂಬುದು ಮೆಕ್ಯಾನಿಕ್‌ಗಳ ರೂಢಿಯ ಲೆಕ್ಕ. ಈ ಪರೀಕ್ಷೆ ಮಾಡದೆ, ಹಳೆಯ ಕೂಲಂಟನ್ನೂ ಬದಲಿಸದೆ ಹೊಸ ಕೋರ್ ಕೂರಿಸುವುದು ನನ್ನ ದೃಷ್ಟಿಯಲ್ಲಿ ಗೆದ್ದಲು ಹತ್ತಿದ ಮನೆಗೆ ಹೊಸ ಬಾಗಿಲು ಹಾಕಿಸಿದಂತೆ.

ಸೋರುವುದಕ್ಕೂ ಕಟ್ಟಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಎಂಜಿನ್ ಚೆನ್ನಾಗಿ ಕಾದ ಮೇಲೆ ಹೀಟರಿನ ಎರಡೂ ರಬ್ಬರ್ ಹೋಸ್‌ಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿದಾಗ ಎರಡೂ ಬಿಸಿಯಿದ್ದು ಕ್ಯಾಬಿನ್ ಮಾತ್ರ ತಣ್ಣಗಿದ್ದರೆ ತಪ್ಪು ಗಾಳಿಯ ಕದದ್ದು. ಒಂದು ಸುಡುತ್ತಿದ್ದು ಇನ್ನೊಂದು ಉಗುರುಬೆಚ್ಚಗಿದ್ದರೆ ಕೋರ್‌ನೊಳಗೆ ಕಸ ಕಟ್ಟಿದೆ. ಕೊಳವೆ ಬಾವಿಯ ನೀರನ್ನೇ ರೇಡಿಯೇಟರಿಗೆ ಸುರಿಯುವ ನಮ್ಮ ಊರುಗಳ ಅಭ್ಯಾಸ ಇಲ್ಲಿ ನೆನಪಾಗುತ್ತದೆ. ಗಡಸು ನೀರು ಕಾಯಿಸುವ ಬಚ್ಚಲ ಹಂಡೆಯ ಒಳಮೈಗೆ ಹತ್ತುವ ಬಿಳಿ ಪದರವೇ ಕೋರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ, ಮತ್ತು ಆ ಸುಣ್ಣದ ಪದರ ತಾಮ್ರಕ್ಕೆ ಹೋಲಿಸಿದರೆ ನೂರಾರು ಪಟ್ಟು ಕಡಿಮೆ ಉಷ್ಣವಾಹಕ. ಸೋರಿಕೆ ನಿಲ್ಲಿಸುವುದೆಂದು ಡಬ್ಬಿಯಲ್ಲಿ ಮಾರುವ ಪುಡಿಗಳೂ ತೂತನ್ನು ಮುಚ್ಚುವ ಭರದಲ್ಲಿ ಇವೇ ಕೊಳವೆಗಳನ್ನು ಮುಚ್ಚಬಹುದು. ಎರಡು ಹೋಸ್‌ಗಳನ್ನೂ ಒಂದು ತುಂಡು ಪೈಪಿನಿಂದ ಜೋಡಿಸಿ ಕೋರನ್ನೇ ಮಾರ್ಗದಿಂದ ಹೊರಗಿಡುವ ಉಪಾಯ ಬೆಂಗಳೂರಿನಲ್ಲಿ ವರ್ಷಗಟ್ಟಲೆ ನಡೆದೀತು, ಮಿನೆಸೊಟದಲ್ಲಿ ನಡೆಯದು. ಅಲ್ಲಿ ಹೀಟರ್ ಇಲ್ಲದಿದ್ದರೆ ಮುಂಗಾಜಿನ ಹಿಮ ಕರಗುವುದಿಲ್ಲ. ಗಾಜಿನ ಹಿಮ, ಮಂಜು ತೆಗೆಯುವ ವ್ಯವಸ್ಥೆಯನ್ನು ಅಮೆರಿಕದ ವಾಹನ ಸುರಕ್ಷತಾ ಮಾನದಂಡ 103 ಕಡ್ಡಾಯ ಮಾಡಿರುವುದು ಸುಮ್ಮನೆ ಅಲ್ಲ.

ಬದಲಿಸುವ ಕೆಲಸದ ಕಷ್ಟಸುಖ ಟ್ರಕ್ಕಿನ ವಿನ್ಯಾಸವನ್ನು ಅವಲಂಬಿಸಿದೆ. 1987ರಿಂದ 1996ರವರೆಗಿನ ಫೋರ್ಡ್ ಎಫ್-150 ಈ ವಿಷಯದಲ್ಲಿ ಮೆಕ್ಯಾನಿಕ್‌ಗಳ ಅಚ್ಚುಮೆಚ್ಚು: ಗ್ಲೋವ್ ಬಾಕ್ಸನ್ನು ಇಳಿಸಿ, ಹಿಂದಿನ ಪ್ಲಾಸ್ಟಿಕ್ ಮುಚ್ಚಳದ ಕೆಲವು ಸ್ಕ್ರೂಗಳನ್ನು ಬಿಚ್ಚಿದರೆ ಕೋರ್ ಕೈಗೇ ಬರುತ್ತದೆ. 1994ರಿಂದ 2001ರವರೆಗಿನ ಡಾಡ್ಜ್ ರ್‍ಯಾಮ್‌ನಲ್ಲಾದರೋ ಅದೇ ಗಾತ್ರದ ಭಾಗಕ್ಕಾಗಿ ಇಡೀ ಡ್ಯಾಶ್‌ಬೋರ್ಡನ್ನೇ ಬಿಚ್ಚಿ ಹಿಂದಕ್ಕೆ ಎಳೆಯಬೇಕು. ಹೀಟರ್ ಕೋರ್ ಮತ್ತು ಎ.ಸಿ.ಯ ತಂಪು ಕಾಯಿಲ್ ಒಂದೇ ಪೆಟ್ಟಿಗೆಯಲ್ಲಿದ್ದು ಪೆಟ್ಟಿಗೆಯನ್ನೇ ಹೊರತೆಗೆಯಬೇಕಾದ ವಾಹನಗಳಲ್ಲಿ ಮೊದಲು ಎ.ಸಿ. ಗ್ಯಾಸನ್ನು ಯಂತ್ರದಿಂದ ಹಿಂಪಡೆಯಬೇಕಾಗುತ್ತದೆ. ಅದನ್ನು ಗಾಳಿಗೆ ಬಿಡುವುದು ಅಮೆರಿಕದಲ್ಲಿ ಕಾನೂನುಬಾಹಿರ. ಅಗ್ಗದ ಭಾಗವೊಂದಕ್ಕೆ ದಿನವಿಡೀ ದುಡಿದ ಕೂಲಿ ತೆರಬೇಕಾಗುವುದು ಹೀಗೆ.

ಎಂಜಿನ್ ಪೂರ್ತಿ ತಣಿಯುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟಬಾರದು. ಆ ಮುಚ್ಚಳ ಒಳಗಿನ ಒತ್ತಡವನ್ನು ವಾತಾವರಣಕ್ಕಿಂತ ಸುಮಾರು ಒಂದು ಪಟ್ಟು ಹೆಚ್ಚಾಗಿ ಹಿಡಿದಿಟ್ಟು ಕೂಲಂಟ್‌ನ ಕುದಿಬಿಂದುವನ್ನು 125 ಡಿಗ್ರಿಗಿಂತ ಮೇಲೇರಿಸಿರುತ್ತದೆ. ಕುಕ್ಕರಿನ ಶಿಳ್ಳೆ ಕಿತ್ತಂತೆ ಅದನ್ನು ತೆರೆದರೆ ಒತ್ತಡ ಒಮ್ಮೆಲೇ ಇಳಿದು, ಕುದಿಯದೆ ಸುಮ್ಮನಿದ್ದ ದ್ರವ ಆ ಕ್ಷಣವೇ ಕುದಿದು ಮುಖಕ್ಕೆ ಎರಚುತ್ತದೆ. ತಣಿದ ಮೇಲೆ ಕೂಲಂಟನ್ನು ಅಗಲವಾದ ಪಾತ್ರೆಗೆ ಇಳಿಸಿ ಕೂಡಲೇ ಮುಚ್ಚಿಡಬೇಕು. ಗ್ಲೈಕಾಲ್ ಸಿಹಿ, ನಾಯಿಗಳೂ ಮಕ್ಕಳೂ ಅದನ್ನು ನೆಕ್ಕಿ ಸಾಯುವುದುಂಟು. ದೇಹದೊಳಗೆ ಯಕೃತ್ತು ಅದನ್ನು ಆಕ್ಸಾಲಿಕ್ ಆಮ್ಲದವರೆಗೆ ಒಡೆಯುತ್ತದೆ, ಆ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡಗಳಲ್ಲಿ ಹರಳುಗಟ್ಟುತ್ತದೆ.

ಎಂಜಿನ್ ಕೋಣೆಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆಯಿಂದ ಕೋರ್‌ನ ಎರಡು ನಳಿಗೆಗಳು ಹೊರಚಾಚಿರುತ್ತವೆ. ಅವುಗಳ ಮೇಲೆ ವರ್ಷಗಳಿಂದ ಅಂಟಿಕೊಂಡ ಹೋಸನ್ನು ತಿರುಚಿ ಎಳೆಯುವುದು ಹೊಸಬರು ಮಾಡುವ ತಪ್ಪು. ಕೋರ್ ಹಳೆಯದೇ ಆದರೂ, ಆ ಎಳೆತಕ್ಕೆ ಬೆಸುಗೆ ಬಿಟ್ಟು ಉಳಿದ ಕೂಲಂಟೆಲ್ಲ ಕಾರ್ಪೆಟ್ಟಿನ ಮೇಲೆ ಸುರಿಯುತ್ತದೆ. ಬ್ಲೇಡಿನಿಂದ ಹೋಸಿನ ತುದಿಯನ್ನು ಉದ್ದಕ್ಕೆ ಸೀಳಿ, ಬಾಳೆಹಣ್ಣಿನ ಸಿಪ್ಪೆ ಬಿಡಿಸುವಂತೆ ಬಿಡಿಸಿದರೆ ನಳಿಗೆಗೆ ನೋವಾಗುವುದಿಲ್ಲ. ಹೋಸ್ ಹೇಗೂ ಹೊಸದು ಹಾಕಬೇಕಾದದ್ದೇ. ಕೋರ್ ಹೊರತೆಗೆದ ಪೆಟ್ಟಿಗೆಯಲ್ಲಿ ಎಲೆ, ದೂಳು, ಕೆಲವೊಮ್ಮೆ ಇಲಿಯ ಗೂಡು ಕೂಡ ಸಿಗುತ್ತದೆ, ಅದನ್ನೆಲ್ಲ ಬಳಿದು ತೆಗೆಯಬೇಕು. ಹಳೆಯ ಕೋರ್‌ನ ಅಂಚಿಗೆ ಅಂಟಿಸಿದ್ದ ಫೋಮ್ ಪಟ್ಟಿಯನ್ನು ನಿರ್ಲಕ್ಷಿಸುವವರೇ ಹೆಚ್ಚು. ಆದರೆ ಗಾಳಿ ಯಾವಾಗಲೂ ಸಲೀಸಾದ ದಾರಿ ಹಿಡಿಯುತ್ತದೆ. ಅಂಚಿನಲ್ಲಿ ಸಂದಿಯಿದ್ದರೆ ನಿರಿಗೆಗಳ ನಡುವೆ ನುಗ್ಗುವ ಬದಲು ಸಂದಿಯಿಂದಲೇ ನುಸುಳಿ ತಣ್ಣಗೆ ಹೊರಬರುತ್ತದೆ, ಹೊಸ ಕೋರ್ ಹಾಕಿದರೂ ಹೀಟರ್ ಸಾಲದೆನ್ನುವ ದೂರು ಉಳಿಯುತ್ತದೆ.

ಜೋಡಿಸಿದ ಮೇಲೆ ಭಟ್ಟಿ ಇಳಿಸಿದ ನೀರು ಮತ್ತು ಹೊಸ ಕೂಲಂಟನ್ನು ಸಮಪಾಲಿನಲ್ಲಿ ಬೆರೆಸಿ ನಿಧಾನವಾಗಿ ತುಂಬಬೇಕು. ತಣ್ಣನೆಯ ಎಂಜಿನ್ನನ್ನು ಹೀಟರ್ ಪೂರ್ತಿ ಹಾಕಿಟ್ಟು ಚಾಲೂ ಮಾಡಿ, ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ ತೆರೆದುಕೊಳ್ಳುವ ಸುಮಾರು 90 ಡಿಗ್ರಿವರೆಗೆ ಕಾಯಬೇಕು. ಹೀಟರ್ ಕೋರ್ ಅನೇಕ ವಾಹನಗಳಲ್ಲಿ ಎತ್ತರದ ಜಾಗದಲ್ಲಿರುವುದರಿಂದ ಗಾಳಿಗುಳ್ಳೆಗಳು ಅಲ್ಲೇ ಸೇರಿಕೊಳ್ಳುತ್ತವೆ. ಡ್ಯಾಶ್‌ಬೋರ್ಡ್ ಹಿಂದಿನಿಂದ ಗುಳುಗುಳು ಸದ್ದು ಬರುತ್ತಿದ್ದರೆ ಗಾಳಿ ಇನ್ನೂ ಉಳಿದಿದೆಯೆಂದರ್ಥ. ಟ್ರಕ್ಕಿನ ಮುಂಭಾಗವನ್ನು ಸ್ವಲ್ಪ ಎತ್ತರಕ್ಕೆ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟರೆ ಗುಳ್ಳೆಗಳು ರೇಡಿಯೇಟರಿನ ಬಾಯಿಯ ಕಡೆಗೆ ಏರಿ ಹೊರಬರುತ್ತವೆ, ದ್ರವದ ಮಟ್ಟ ಅಷ್ಟೇ ಇಳಿಯುತ್ತದೆ, ಮತ್ತೆ ತುಂಬಬೇಕು. ಮರುದಿನ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಇನ್ನೊಮ್ಮೆ ಮಟ್ಟ ನೋಡಬೇಕು.

ಇಷ್ಟಾದ ಮೇಲೂ ಗಾಜು ಮತ್ತೆ ಜಿಡ್ಡುಗಟ್ಟಬಹುದು. ಹೊಸ ಕೋರ್ ಸೋರುತ್ತಿದೆಯೆಂದು ಗಾಬರಿಯಾಗುವ ಮೊದಲು, ಗಾಳಿಯ ನಾಳಗಳಲ್ಲೂ ಕಾರ್ಪೆಟ್ಟಿನ ಕೆಳಗಿನ ಸ್ಪಂಜಿನಲ್ಲೂ ಉಳಿದ ಹಳೆಯ ಗ್ಲೈಕಾಲನ್ನು ನೆನೆಯಬೇಕು. ಬಿಸಿಲಿಗೆ ಹಾಕಿದರೆ ಅದು ಆರುವುದಿಲ್ಲ, ನೀರಿನಲ್ಲಿ ಮಾತ್ರ ಸಲೀಸಾಗಿ ಕರಗುತ್ತದೆ. ಕಾರ್ಪೆಟ್ ಎತ್ತಿ ಎರಡು ಮೂರು ಬಾರಿ ಬಿಸಿನೀರಿನಲ್ಲಿ ತೊಳೆದು ಹಿಂಡಬೇಕು, ಗಾಜನ್ನು ಸೋಪಿನ ನೀರಿನಿಂದ ಒರೆಸಬೇಕು. ಒಂದು ವಾರದಲ್ಲಿ ಜಿಡ್ಡು ದಿನದಿನಕ್ಕೆ ತೆಳುವಾಗುತ್ತಾ ಬಂದು, ಕೂಲಂಟ್‌ನ ಮಟ್ಟವೂ ಗೆರೆಯ ಮೇಲೆಯೇ ನಿಂತಿದ್ದರೆ, ಗ್ಲೋವ್ ಬಾಕ್ಸನ್ನು ಅದರ ಜಾಗದಲ್ಲಿ ಸಿಕ್ಕಿಸಿ ಸ್ಕ್ರೂ ಬಿಗಿಯಬಹುದು.