ಅಡಿಕೆ ಮರದಿಂದ ಬಿದ್ದವರ ಮೂಳೆ ಕೂಡುವ ಬಗೆ

ಮುಂಗಾರು ಹಿಡಿದ ಮೇಲೆ ಕೊಳೆ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವುದಕ್ಕೆ ಪಾಚಿಗಟ್ಟಿದ ಅಡಿಕೆ ಮರ ಹತ್ತಿದ ಕೊನೆಗಾರರೊಬ್ಬರು 12 ಮೀಟರ್ ಎತ್ತರದಿಂದ ಜಾರಿದರೆ, ನೆಲ ಮುಟ್ಟಲು ಒಂದೂವರೆ ಸೆಕೆಂಡಿಗಿಂತ ತುಸುವೇ ಹೆಚ್ಚು ಸಾಕು. ಅಷ್ಟರಲ್ಲಿ ಅವರ ವೇಗ ಗಂಟೆಗೆ ಸುಮಾರು 55 ಕಿಲೋಮೀಟರ್ ಮುಟ್ಟಿರುತ್ತದೆ. ಕಾಲೂರಿ ಬಿದ್ದರೆ ಮೊದಲ ಪೆಟ್ಟು ಹಿಮ್ಮಡಿಯ ಮೂಳೆಗೆ. ಅಲ್ಲಿಗೂ ತೀರದ ಬಲ ಕಾಲಿನುದ್ದಕ್ಕೂ ಮೇಲೇರಿ, ಬೆನ್ನುಮೂಳೆಯಲ್ಲಿ ಎದೆಯ ಭಾಗ ಮುಗಿದು ಸೊಂಟದ ಭಾಗ ಆರಂಭವಾಗುವ ಸಂದಿಯನ್ನು ಜಜ್ಜಬಲ್ಲದು. ಹಿಮ್ಮಡಿ ನೋವೆಂದು ಬಂದವರ ಬೆನ್ನನ್ನೂ ಮೂಳೆ ವೈದ್ಯರು ಮುಟ್ಟಿ ನೋಡುವುದು ಇದೇ ಕಾರಣಕ್ಕೆ.

ಅಪಘಾತದ ಮೂಳೆ ಶಸ್ತ್ರವೈದ್ಯರೆಂದರೆ ರಾಡು, ಪ್ಲೇಟು, ಸ್ಕ್ರೂ ಹಾಕುವವರು ಎಂಬುದು ನಮ್ಮಲ್ಲಿ ಬೇರೂರಿರುವ ಭಾವನೆ. ಆದರೆ ಮೂಳೆಯನ್ನು ಕೂಡಿಸುವುದು ಲೋಹವಲ್ಲ, ಮೂಳೆಯ ಜೀವಕೋಶಗಳು; ಅವುಗಳನ್ನು ಸಾಕುವುದು ಸುತ್ತಲಿನ ಸ್ನಾಯು ಮತ್ತು ಹೊರಪೊರೆಯಿಂದ ಹರಿದುಬರುವ ರಕ್ತ. ಈ ರಕ್ತದ ಹಾದಿಯನ್ನು ಉಳಿಸಿಕೊಳ್ಳುವುದೇ ಅವರ ಕೆಲಸದ ತಿರುಳೆಂದು ನಾನು ತಿಳಿದಿದ್ದೇನೆ.

ಮೊದಲ ಚಿಂತೆಯಂತೂ ಮೂಳೆಯದಲ್ಲ, ಪ್ರಾಣದ್ದು. ತೊಡೆಯ ಮೂಳೆ ಮುರಿದಾಗ ಚರ್ಮದ ಮೇಲೆ ಒಂದು ಗೀರೂ ಇಲ್ಲದೆ ಒಂದರಿಂದ ಒಂದೂವರೆ ಲೀಟರ್ ರಕ್ತ ತೊಡೆಯೊಳಗೇ ಸೋರಿಹೋಗಬಹುದು. ಸೊಂಟದ ಮೂಳೆ ಒಡೆದರೆ ಇನ್ನೂ ಹೆಚ್ಚು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಆಗುಂಬೆಯ ಕಡೆಯಿಂದ ಬರುವವರಿಗೆ ದಾರಿ ಇನ್ನೂ ಉದ್ದ. ಆ ತಿರುವುಗಳಲ್ಲಿ ಜೀಪಿನ ಹಿಂಬದಿಯಲ್ಲಿ ಮಲಗಿಸಿದ ಕಾಲು ಅತ್ತಿತ್ತ ಹೊರಳಿದಷ್ಟೂ ಮೂಳೆಯ ಚೂಪು ತುದಿಗಳು ಸ್ನಾಯುವನ್ನೂ ರಕ್ತನಾಳವನ್ನೂ ಕೊಯ್ಯುತ್ತವೆ. ಮೊದಲನೆಯ ಮಹಾಯುದ್ಧದಲ್ಲಿ, ತೊಡೆ ಮುರಿದ ಸೈನಿಕರ ಕಾಲನ್ನು ಥಾಮಸ್ ಸ್ಪ್ಲಿಂಟ್ ಎಂಬ ಉದ್ದನೆಯ ಚೌಕಟ್ಟಿಗೆ ಎಳೆದು ಕಟ್ಟಿ ಸಾಗಿಸತೊಡಗಿದುದು ಸಾವನ್ನು ತಗ್ಗಿಸಿದ ಮುಖ್ಯ ಕ್ರಮಗಳಲ್ಲೊಂದೆಂದು ಹೆಸರಾಯಿತು. ನಮ್ಮ ತೋಟದಲ್ಲಿ ಆ ಸಲಕರಣೆ ಇಲ್ಲದಿದ್ದರೂ ಅಡಿಕೆ ಹಾಳೆಗೆ ಬರವಿಲ್ಲ. ಕೆಳಗಾಲು ಮುರಿದಿದ್ದರೆ ಎರಡು ಹಾಳೆಗಳ ನಡುವೆ ಬಟ್ಟೆ ಸುತ್ತಿ, ಮೊಣಕಾಲೂ ಪಾದವೂ ಅಲುಗದಂತೆ, ಆದರೆ ಬಿಗಿಯಾಗದಂತೆ ಕಟ್ಟಿ ತರಬಹುದು. ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಮಾತ್ರ ಎತ್ತಿ ಕೂರಿಸಲೇಬಾರದು. ಹಲಗೆಯ ಮೇಲೆ ನೇರವಾಗಿಯೇ ಮಲಗಿಸಿ ತರಬೇಕು.

ಬಿಗಿಯಾಗದಂತೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೊಣಕಾಲ ಕೆಳಗಿನ ಸ್ನಾಯುಗಳು ಹಿಗ್ಗದ ಪೊರೆಯ ಚೀಲಗಳೊಳಗೆ ಇರುತ್ತವೆ. ಮುರಿತದಿಂದ ಬಾವು ಏರಿದಾಗ ಚೀಲದೊಳಗಿನ ಒತ್ತಡವೂ ಏರಿ, ಕಿರು ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಸುಮಾರು ಆರು ಗಂಟೆ ಹೀಗೇ ಸಾಗಿದರೆ ಸ್ನಾಯು ಸಾಯತೊಡಗುತ್ತದೆ. ಅದರ ಮೇಲೆ ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟಿದರೆ ಅಪಾಯ ಇಮ್ಮಡಿಸುತ್ತದೆ. ಪಾದದ ನಾಡಿ ಸಿಕ್ಕಿತೆಂದು ಸಮಾಧಾನಪಡುವಂತಿಲ್ಲ, ಏಕೆಂದರೆ ನಾಡಿ ನಿಲ್ಲುವುದು ಬಹಳ ತಡವಾಗಿ. ಗಾಯಕ್ಕೆ ಮೀರಿದ ನೋವು, ಕಾಲ್ಬೆರಳನ್ನು ಬೇರೆಯವರು ಮೆಲ್ಲಗೆ ಬಗ್ಗಿಸಿದರೂ ಚೀರುವಂತಾಗುವುದು, ಇವೇ ಮುನ್ಸೂಚನೆಗಳು. ಆಗ ಶಸ್ತ್ರವೈದ್ಯರು ಚರ್ಮವನ್ನೂ ಪೊರೆಯನ್ನೂ ಉದ್ದಕ್ಕೆ ಸೀಳಿ ತೆರೆದಿಡುತ್ತಾರೆ. ಮನೆಯವರಿಗೆ ಅದು ಕ್ರೂರವಾಗಿ ಕಂಡರೂ ಕಾಲು ಉಳಿಯುವುದು ಅದರಿಂದಲೇ.

ಮೂಳೆ ಚರ್ಮ ಹರಿದು ಹೊರಬಂದಿದ್ದರೆ ಇನ್ನೊಂದು ಶತ್ರು ತೋಟದ ಮಣ್ಣು. ಸಗಣಿ ಗೊಬ್ಬರ ಬೆರೆತ ಮಣ್ಣಿನಲ್ಲಿ ಧನುರ್ವಾಯುವಿನ ಬೀಜಕಣಗಳಿರುತ್ತವೆ. ಸಾಧ್ಯವಾದರೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಟ್ಟು, ಲೀಟರ್‌ಗಟ್ಟಲೆ ಸಲೈನಿನಿಂದ ಗಾಯ ತೊಳೆದು, ಸತ್ತ ಸ್ನಾಯುವನ್ನು ಕತ್ತರಿಸಿ ತೆಗೆಯುತ್ತಾರೆ. ಗಾಯ ತೀರಾ ಹೊಲಸಾಗಿದ್ದರೆ ಒಳಗೆ ಲೋಹ ಹುದುಗಿಸದೆ, ಹೊರಗಿನಿಂದಲೇ ಸರಳು ಚುಚ್ಚಿ ಚೌಕಟ್ಟು ಕಟ್ಟಿ ಕಾಯುತ್ತಾರೆ.

ಇನ್ನು ರಾಡಿನ ಮಾತು. 1939ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಗೇರ್‌ಹಾರ್ಟ್ ಕ್ಯುಂಚರ್ ತೊಡೆಮೂಳೆಯ ಮಜ್ಜೆಯ ಕೊಳವೆಯೊಳಗೇ ಉದ್ದನೆಯ ಉಕ್ಕಿನ ಮೊಳೆ ಇಳಿಸಿದರು. ಮುರಿದ ಜಾಗವನ್ನು ತೆರೆಯದೆ, ಅಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕದಡದೆ ಮೂಳೆಯನ್ನು ನೆಟ್ಟಗೆ ನಿಲ್ಲಿಸುವುದೇ ಈ ವಿಧಾನದ ಸೊಗಸು. ಆ ಹೆಪ್ಪೇ ಹೊಸ ಮೂಳೆಯ ಪಾತಿ: ಎರಡು ಮೂರು ವಾರದಲ್ಲಿ ಅಲ್ಲಿ ಮೆತ್ತನೆಯ ಗಂಟು ಬೆಳೆಯುತ್ತದೆ, ಆಮೇಲೆ ಸುಣ್ಣ ತುಂಬಿ ಗಟ್ಟಿಯಾಗುತ್ತದೆ. ತುಸು ಅಲುಗಾಟ ಈ ಗಂಟಿಗೆ ಒಳ್ಳೆಯದು. ಅತಿಯಾದರೆ ಮೂಳೆ ಕೂಡುವುದಿಲ್ಲ. ಕೂಡದಿದ್ದರೆ, ಹಿಂದೆ ಮುಂದೆ ಬಗ್ಗಿಸಿದ ಬೇಲಿ ತಂತಿಯಂತೆ ರಾಡು ಕೂಡ ದಣಿದು ಮುರಿಯುತ್ತದೆ. ಕವಳಕ್ಕೆ ಹಾಕುವ ತಂಬಾಕನ್ನೂ ಬೀಡಿಯನ್ನೂ ಬಿಡಿ ಎಂದು ವೈದ್ಯರು ಗದರುವುದು ಸುಮ್ಮನೆ ಅಲ್ಲ: ನಿಕೋಟಿನ್ ಕಿರು ರಕ್ತನಾಳಗಳನ್ನು ಸಂಕುಚಿಸಿ ಈ ಪಾತಿಯನ್ನೇ ಒಣಗಿಸುತ್ತದೆ.

ತಿಂಗಳುಗಳ ನಂತರ ಎರಡು ಕೋನಗಳಿಂದ ತೆಗೆದ ಎಕ್ಸ್‌ರೇಗಳಲ್ಲಿ ಮೂಳೆಯ ನಾಲ್ಕು ಅಂಚುಗಳು ಕಾಣುತ್ತವೆ. ಅವುಗಳಲ್ಲಿ ಮೂರರ ಮೇಲಾದರೂ ಹೊಸ ಮೂಳೆ ಸೇತುವೆ ಕಟ್ಟಿದ್ದರೆ ಕೂಡಿತೆಂದು ಲೆಕ್ಕ. ಕೆಳಗಾಲು ಮುರಿದವರು ಬಹುತೇಕ ಅಲ್ಲಿಂದ ಕೋಲು ಬದಿಗಿಟ್ಟು ನಡೆಯುತ್ತಾರೆ. ಹಿಮ್ಮಡಿ ಒಡೆದವರ ಪಾಡು ಬೇರೆ: ಮೂಳೆ ಕೂಡಿದರೂ ಅದರ ಮೇಲಿನ ಕೀಲು ಬಿಗಿದುಕೊಳ್ಳುವುದರಿಂದ, ಸಮತಟ್ಟಾದ ರಸ್ತೆಯಲ್ಲಿ ನಡೆಯಬಲ್ಲವರಿಗೂ ತೋಟದ ಏರುತಗ್ಗಿನಲ್ಲಿ ಪಾದ ಒಳಕ್ಕೂ ಹೊರಕ್ಕೂ ವಾಲುವುದಿಲ್ಲ. ಮತ್ತೆ ಮರ ಹತ್ತಬಹುದೇ ಎಂದು ಅವರು ಕೇಳಿದಾಗ, ವೈದ್ಯರು ಎಕ್ಸ್‌ರೇಯನ್ನು ಕೆಳಗಿಟ್ಟು ಪಾದವನ್ನೇ ಕೈಯಲ್ಲಿ ಹಿಡಿದು, ಅದು ಎಷ್ಟು ವಾಲುತ್ತದೆಂದು ಮೊದಲು ನೋಡಬೇಕಾಗುತ್ತದೆ.