ಗ್ರೂಡನ್ ಬರ್ತಾರಂತೆ: ಸ್ಟಾರ್ ಕೋಚ್‌ಗಾಗಿ ಟೆನ್ನೆಸ್ಸಿ ಕಾದ ಕಥೆ

ಟೆನ್ನೆಸ್ಸಿ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಒಂದು ದೊಡ್ಡ ಬಂಡೆ ಇದೆ. ಹೆಸರೂ ಅಷ್ಟೇ, ‘ದಿ ರಾಕ್’. ಯಾರು ಬೇಕಾದರೂ ಹೋಗಿ ಅದಕ್ಕೆ ಬಣ್ಣ ಬಳಿಯಬಹುದು, ಮನಸ್ಸಿಗೆ ಬಂದದ್ದು ಬರೆಯಬಹುದು. ಹುಟ್ಟುಹಬ್ಬದ ಹಾರೈಕೆ, ‘ನನ್ನ ಮದುವೆ ಆಗ್ತೀಯಾ’ ಅನ್ನುವ ಪ್ರಶ್ನೆ, ಪಂದ್ಯದ ದಿನದ ಘೋಷಣೆ, ಎಲ್ಲಕ್ಕೂ ಅಲ್ಲಿ ಜಾಗ ಇದೆ. ಇವತ್ತು ಬರೆದದ್ದರ ಮೇಲೆ ನಾಳೆ ಇನ್ಯಾರೋ ಬಳಿಯುತ್ತಾರೆ. ದಶಕಗಳಿಂದ ಪದರದ ಮೇಲೆ ಪದರ ಕೂತಿದೆ. 2017ರ ನವೆಂಬರ್ 26ರ ಭಾನುವಾರ ಆ ಬಂಡೆಯ ಮೇಲೆ ಬಂದ ಒಂದು ಸಾಲು, ಒಬ್ಬ ಕೋಚ್‌ನ ಕೆಲಸ ಕಿತ್ತುಕೊಳ್ಳಲು ನೆರವಾಯಿತು. ಅದೂ ಅವರು ಕೆಲಸಕ್ಕೆ ಸೇರುವ ಮೊದಲೇ.

ಅವತ್ತಿನ ಸಿಟ್ಟು ಅವತ್ತೇ ಹುಟ್ಟಿದ್ದಲ್ಲ. ಅದರ ಹಿಂದೆ ಒಂಬತ್ತು ವರ್ಷದ ಹಸಿವಿತ್ತು. ಅದನ್ನು ತಿಳಿಯದೆ ಆ ಭಾನುವಾರ ಅರ್ಥವಾಗುವುದಿಲ್ಲ.

ಮೊದಲು ಒಂದು ಮಾತು. ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕದ ಆಟ. ಆಡುವವರು ಕಾಲೇಜು ಹುಡುಗರು. ಆದರೆ ನೋಡಲು ಬರುವ ಜನ ಎಷ್ಟು ಗೊತ್ತಾ? ವಿಶ್ವವಿದ್ಯಾಲಯ ಇರುವ ನಾಕ್ಸ್‌ವಿಲ್ ಊರಿನ ಜನಸಂಖ್ಯೆ 2020ರ ಗಣತಿಯಲ್ಲಿ ಸುಮಾರು 1.9 ಲಕ್ಷ. ನದಿ ದಡದ ನೇಲ್ಯಾಂಡ್ ಸ್ಟೇಡಿಯಂನಲ್ಲಿ 1 ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಅರ್ಧ ಊರಿಗಿಂತ ಹೆಚ್ಚು! ಪಂದ್ಯದ ಶನಿವಾರ ಎಲ್ಲಿ ನೋಡಿದರೂ ಕಿತ್ತಳೆ ಬಣ್ಣ. ಕೆಲವರು ದೋಣಿಯಲ್ಲೇ ಬಂದು ಸ್ಟೇಡಿಯಂ ಪಕ್ಕ ಕಟ್ಟಿ ನಿಲ್ಲಿಸುತ್ತಾರೆ.

ಇಲ್ಲಿ ಕೋಚ್ ಯಾಕೆ ಇಷ್ಟು ಮುಖ್ಯ? ಹುಡುಗರು ಮೂರು ನಾಲ್ಕು ವರ್ಷ ಆಡಿ ಹೊರಟುಹೋಗುತ್ತಾರೆ, ಕೋಚ್ ಉಳಿಯುತ್ತಾರೆ. ಹೊಸ ಆಟಗಾರರನ್ನು ಕರೆತರುವುದೂ ಅವರೇ. ಹದಿನೇಳು ವರ್ಷದ ಹುಡುಗನ ಮನೆಗೆ ಹೋಗಿ, ಅಪ್ಪ ಅಮ್ಮನ ಎದುರು ಕೂತು, ‘ನಿಮ್ಮ ಮಗನನ್ನು ನನಗೆ ಕೊಡಿ’ ಅಂತ ಕೇಳಬೇಕು. ಬಾಗಿಲಲ್ಲಿ ನಿಂತವರು ಟಿವಿಯಲ್ಲಿ ನೋಡಿದ ಮುಖವಾದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಅದಕ್ಕೇ ದೊಡ್ಡ ಹೆಸರಿನ ಹುಚ್ಚು.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು ಅಂತ ನನಗನ್ನಿಸುತ್ತದೆ. ವೃತ್ತಿಪರ ತಂಡಕ್ಕೆ ಒಬ್ಬ ಮಾಲೀಕ ಇರುತ್ತಾನೆ. ಯಾರನ್ನು ತರಬೇಕು, ಯಾರನ್ನು ಕಳಿಸಬೇಕು ಅನ್ನುವುದು ಅವನಿಷ್ಟ. ಸರ್ಕಾರಿ ವಿಶ್ವವಿದ್ಯಾಲಯದ ತಂಡಕ್ಕೆ ಮಾಲೀಕ ಯಾರು? ಕುಲಪತಿಯಾ? ಕ್ರೀಡಾ ವಿಭಾಗ ನೋಡಿಕೊಳ್ಳುವ ಅಥ್ಲೆಟಿಕ್ ಡೈರೆಕ್ಟರಾ? ದೊಡ್ಡ ಮೊತ್ತದ ಚೆಕ್ ಬರೆಯುವ ದಾನಿಗಳಾ? ಅಲ್ಲೇ ಓದಿ ಹೋದ ಹಳೆ ವಿದ್ಯಾರ್ಥಿಗಳಾ? ಪ್ರತಿಯೊಬ್ಬರೂ ‘ತಂಡ ನಮ್ಮದು’ ಅನ್ನುತ್ತಾರೆ. ಒಂದರ್ಥದಲ್ಲಿ ಎಲ್ಲರದೂ ನಿಜ.

ಟೆನ್ನೆಸ್ಸಿಯ ಸಂಕಟ ಶುರುವಾದದ್ದು 2008ರಲ್ಲಿ. ಫಿಲಿಪ್ ಫುಲ್ಮರ್ ಅಲ್ಲೇ ಆಡಿ ಬೆಳೆದವರು. ಕೋಚ್ ಆಗಿ 152 ಪಂದ್ಯ ಗೆದ್ದುಕೊಟ್ಟರು, 1998ರ ಸೀಸನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟವನ್ನೂ ತಂದರು. ಹತ್ತು ವರ್ಷ ಕಳೆಯಿತು, ಸೋಲು ಜಾಸ್ತಿಯಾಯಿತು, ಅವರ ತಲೆದಂಡವಾಯಿತು. ಒಪ್ಪಂದ ಮುರಿದದ್ದಕ್ಕೆ ಅವರಿಗೆ 60 ಲಕ್ಷ ಡಾಲರ್ ಕೊಟ್ಟು ಕಳಿಸಿದರು.

ಬಂದವರು ಲೇನ್ ಕಿಫಿನ್. ಮೂವತ್ತರ ಆಸುಪಾಸಿನ ವಯಸ್ಸು, ತುಂಬಾ ಮಾತು, ತುಂಬಾ ಧೈರ್ಯ. ಜನಕ್ಕೆ ಹಿಡಿಸಿತು. ಆದರೆ ಒಂದೇ ಸೀಸನ್, ಏಳು ಗೆಲುವು, ಆರು ಸೋಲು. 2010ರ ಜನವರಿ 12ರ ರಾತ್ರಿ, ‘ನಾನು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೊರಟೆ’ ಅಂತ ಒಂದು ನಿಮಿಷದಲ್ಲಿ ಹೇಳಿ ಹೋದರು. ವಿದ್ಯಾರ್ಥಿಗಳು ಬೀದಿಗಿಳಿದರು, ಹಾಸಿಗೆಗೆ ಬೆಂಕಿ ಹಚ್ಚಿದರು. ಆ ಗಾಯ ಎಷ್ಟು ಆಳ ಅಂದರೆ, 2021ರಲ್ಲಿ ಕಿಫಿನ್ ಮಿಸಿಸಿಪ್ಪಿಯ ‘ಓಲ್ ಮಿಸ್’ ತಂಡದ ಕೋಚ್ ಆಗಿ ಅದೇ ನೇಲ್ಯಾಂಡ್‌ಗೆ ಬಂದಾಗ ಗ್ಯಾಲರಿಯಿಂದ ನೀರಿನ ಬಾಟಲಿ, ಸಾಸಿವೆ ಸಾಸ್ ಬಾಟಲಿ, ಒಂದು ಗಾಲ್ಫ್ ಚೆಂಡು ಮೈದಾನಕ್ಕೆ ಬಂದು ಬಿದ್ದವು. ಆಟ ನಿಲ್ಲಿಸಬೇಕಾಯಿತು. ವಿಶ್ವವಿದ್ಯಾಲಯಕ್ಕೆ 2.5 ಲಕ್ಷ ಡಾಲರ್ ದಂಡ ಬಿತ್ತು. ಹನ್ನೊಂದು ವರ್ಷವಾದರೂ ಸಿಟ್ಟು ಆರಿರಲಿಲ್ಲ.

ಕಿಫಿನ್ ನಂತರ ಬಂದ ಡೆರೆಕ್ ಡೂಲಿ ಮೂರು ಸೀಸನ್‌ನಲ್ಲಿ 15 ಗೆದ್ದು 21 ಸೋತರು. ಅವರನ್ನು ಕಳಿಸಲು 50 ಲಕ್ಷ ಡಾಲರ್. ಆಮೇಲೆ ಬುಚ್ ಜೋನ್ಸ್. 2017ರಲ್ಲಿ ತಂಡ ಎಂಟು ಪಂದ್ಯ ಸೋತಿತು. ಒಂದೇ ಸೀಸನ್‌ನಲ್ಲಿ ಎಂಟು ಸೋಲು ಟೆನ್ನೆಸ್ಸಿ ಇತಿಹಾಸದಲ್ಲೇ ಮೊದಲು. ಜೋನ್ಸ್‌ಗೆ ಕೊಡಬೇಕಾದದ್ದು 80 ಲಕ್ಷ ಡಾಲರ್‌ಗಿಂತ ಜಾಸ್ತಿ.

ಇಷ್ಟು ವರ್ಷವೂ ಅಭಿಮಾನಿಗಳ ಬಾಯಲ್ಲಿ ಇದ್ದದ್ದು ಒಂದೇ ಹೆಸರು. ಜಾನ್ ಗ್ರೂಡನ್.

ಗ್ರೂಡನ್ ಟ್ಯಾಂಪಾ ಬೇ ಅನ್ನುವ ವೃತ್ತಿಪರ ತಂಡಕ್ಕೆ 2003ರ ಜನವರಿಯಲ್ಲಿ ಸೂಪರ್ ಬೌಲ್, ಅಂದರೆ ವೃತ್ತಿಪರ ಆಟದ ಫೈನಲ್, ಗೆದ್ದುಕೊಟ್ಟವರು. ಆಮೇಲೆ ಸೋಮವಾರ ರಾತ್ರಿಯ ಪಂದ್ಯಗಳಿಗೆ ಟಿವಿಯಲ್ಲಿ ಕಾಮೆಂಟರಿ ಕೊಡುತ್ತಾ ಮನೆಮಾತಾದರು. ಎಂಬತ್ತರ ದಶಕದಲ್ಲಿ ಟೆನ್ನೆಸ್ಸಿಯಲ್ಲೇ ಸಹಾಯಕರಾಗಿ ಕೆಲಸ ಕಲಿತಿದ್ದರು. ಹೆಂಡತಿ ಅಲ್ಲೇ ಚಿಯರ್‌ಲೀಡರ್ ಆಗಿದ್ದವರು. ಅಭಿಮಾನಿಗಳಿಗೆ ಇನ್ನೇನು ಬೇಕು? ‘ಊರಿನ ಅಳಿಯ, ಕರೆದರೆ ಬಂದೇ ಬರ್ತಾರೆ.’

ಕೋಚ್ ಕುರ್ಚಿ ಖಾಲಿಯಾದಾಗೆಲ್ಲ ಅಂತೆ ಕಂತೆಗಳ ಸಂತೆ ನೆರೆಯುತ್ತಿತ್ತು. ಅದಕ್ಕೊಂದು ಹೆಸರೇ ಹುಟ್ಟಿತು, ಗ್ರೂಡನ್ ಮತ್ತು ರೂಮರ್ ಸೇರಿಸಿ ‘ಗ್ರೂಮರ್ಸ್’. 2012ರಲ್ಲಿ, ಗ್ರೂಡನ್ ಬಂದರೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅನ್ನುವ ವೃತ್ತಿಪರ ತಂಡದಲ್ಲಿ ಪಾಲು ಕೊಡುತ್ತಾರಂತೆ ಅಂತ ಸುದ್ದಿ. ಬ್ರೌನ್ಸ್ ಮಾಲೀಕರು ನಾಕ್ಸ್‌ವಿಲ್‌ನವರೇ ಆದ್ದರಿಂದ ಜನ ನಂಬಿದರು. ಅದು ಸುಳ್ಳಾಗಿತ್ತು. 2017ರಲ್ಲಿ, ನದಿ ದಡದ ರೆಸ್ಟೋರೆಂಟ್‌ನಲ್ಲಿ ಊಟ ಮಾಡುತ್ತಿದ್ದರಂತೆ ಅಂತ ಇನ್ನೊಂದು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವ ಜನಕ್ಕೆ ದೂರದಲ್ಲಿ ಬರುವ ಪ್ರತಿಯೊಬ್ಬರೂ ತಮ್ಮವರೇ ಅನ್ನಿಸುತ್ತಾರೆ. ಅದರಲ್ಲಿ ನಗುವಂಥದ್ದೇನೂ ಇಲ್ಲ. ಪ್ರೀತಿಯ ತಂಡ ವರ್ಷಗಟ್ಟಲೆ ಸೋಲುವುದನ್ನು ನೋಡಿದ ಯಾರಿಗಾದರೂ ಆ ನೋವು ಗೊತ್ತು.

ಆ ಭಾನುವಾರ ಸುದ್ದಿ ಬಂತು. ಕೋಚ್ ಸಿಕ್ಕಿದ್ದಾರೆ. ಗ್ರೂಡನ್ ಅಲ್ಲ. ಒಹಾಯೋ ಸ್ಟೇಟ್ ತಂಡದ ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಗ್ರೆಗ್ ಶಿಯಾನೋ.

ಆಟದ ಲೆಕ್ಕದಲ್ಲೇ ಅವರನ್ನು ಬೇಡ ಅನ್ನಲು ಕಾರಣ ಇತ್ತು. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 68 ಗೆಲುವು, 67 ಸೋಲು. ಟ್ಯಾಂಪಾ ಬೇಯಲ್ಲಿ ಎರಡು ವರ್ಷಕ್ಕೆ 11 ಗೆಲುವು, 21 ಸೋಲು. ದುರ್ಬಲವಾಗಿದ್ದ ರಟ್ಗರ್ಸ್ ತಂಡವನ್ನು ಎತ್ತಿ ನಿಲ್ಲಿಸಿದವರು ಅಂತ ಅವರ ಪರವಾಗಿಯೂ ಹೇಳಬಹುದಿತ್ತು. ವಾದ ಅಲ್ಲೇ ನಿಂತಿದ್ದರೆ ಇದು ಬರೀ ಕೋಚ್ ಆಯ್ಕೆಯ ಜಗಳ ಆಗುತ್ತಿತ್ತು.

ಅಲ್ಲಿ ನಿಲ್ಲಲಿಲ್ಲ. ಶಿಯಾನೋ 1990ರಿಂದ 95ರವರೆಗೆ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಹಾಯಕ ಕೋಚ್ ಆಗಿದ್ದರು. ಅದೇ ತಂಡದ ಇನ್ನೊಬ್ಬ ಕೋಚ್ ಜೆರ್ರಿ ಸ್ಯಾಂಡಸ್ಕಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ 2012ರಲ್ಲಿ ಜೈಲು ಸೇರಿದರು. 2016ರಲ್ಲಿ ಹೊರಬಂದ ಕೋರ್ಟ್ ದಾಖಲೆಯೊಂದರಲ್ಲಿ, ಶಿಯಾನೋಗೆ ಇದರ ಸುಳಿವಿತ್ತು ಅನ್ನುವ ಅರ್ಥದ ಮಾತಿತ್ತು. ಅದು ಒಬ್ಬರು ಇನ್ನೊಬ್ಬರಿಂದ ಕೇಳಿದೆ ಅಂತ ಹೇಳಿದ್ದು. ಶಿಯಾನೋ ಅದನ್ನು ಪೂರ್ತಿ ಅಲ್ಲಗಳೆದರು. ಯಾರು ಹೇಳಿದರು ಅಂತ ಹೆಸರಿಸಲಾಗಿತ್ತೋ ಅವರೂ ಅಲ್ಲಗಳೆದರು. ಶಿಯಾನೋ ಮೇಲೆ ಯಾವ ಕೇಸೂ ಆಗಲಿಲ್ಲ. ಬಂಡೆಯ ಮೇಲೆ ಬರೆದವರಿಗೆ ಅದು ಲೆಕ್ಕಕ್ಕೆ ಬರಲಿಲ್ಲ. ಅವರು ಅದನ್ನು ಸಾಬೀತಾದ ಸತ್ಯದಂತೆ ಬರೆದರು.

ಜನ ಸೇರಿದರು. ದಾನಿಗಳು ಫೋನ್ ಮಾಡಿದರು. ರಾಜ್ಯದ ಶಾಸಕರೂ ಬಹಿರಂಗವಾಗಿ ವಿರೋಧಿಸಿದರು. ಸಂಜೆಯೊಳಗೆ ವಿಶ್ವವಿದ್ಯಾಲಯ ಹಿಂದೆ ಸರಿಯಿತು.

ಇಲ್ಲಿ ನನ್ನ ನಿಲುವು ಹೇಳಿಬಿಡುತ್ತೇನೆ. ಅಭಿಮಾನಿಗಳಿಗೆ ಈ ಕೋಚ್ ಬೇಡ ಅನ್ನುವ ಹಕ್ಕು ಖಂಡಿತ ಇತ್ತು. ದುಡ್ಡು ಅವರದು, ಶನಿವಾರಗಳು ಅವರವು. ತಮ್ಮ ಮಾತು ಕೇಳದೆ ತೀರ್ಮಾನ ಆಯಿತು ಅನ್ನುವ ಸಿಟ್ಟೂ ನ್ಯಾಯವೇ. ಮಕ್ಕಳ ಮೇಲಿನ ಕಾಳಜಿಯಿಂದಲೇ ನಿಜವಾಗಿ ಕಳವಳಪಟ್ಟವರೂ ಆ ಗುಂಪಿನಲ್ಲಿದ್ದರು. ಆದರೆ ಹೋಲಿಸಿ ನೋಡಿ. ಸ್ಟಾರ್ ಬರಲಿಲ್ಲ ಅನ್ನುವ ನಿರಾಸೆ ಒಂದು. ಒಬ್ಬ ಮನುಷ್ಯನ ಹೆಸರಿಗೆ ಅತಿ ಹೀನ ಅಪರಾಧವನ್ನು ಅಂಟಿಸುವುದು ಇನ್ನೊಂದು. ಮೊದಲನೆಯದಕ್ಕೆ ಎರಡನೆಯದನ್ನು ಆಯುಧ ಮಾಡಿಕೊಂಡದ್ದು ತಪ್ಪು. ಬಂಡೆಯ ಮೇಲಿನ ಬಣ್ಣವನ್ನು ಮಾರನೇ ದಿನ ಮುಚ್ಚಬಹುದು. ಹೆಸರಿಗೆ ಬಳಿದದ್ದನ್ನು ಮುಚ್ಚುವುದು ಹೇಗೆ? ಎರಡು ವರ್ಷದ ನಂತರ ಶಿಯಾನೋ ಅವರನ್ನು ರಟ್ಗರ್ಸ್ ಮತ್ತೆ ಕರೆಸಿಕೊಂಡಿತು. ಆಗಲೂ ಅವರ ಬಗ್ಗೆ ಬರೆದವರು ಆ ಭಾನುವಾರವನ್ನು ನೆನೆಯದೆ ಇರಲಿಲ್ಲ.

ಮುಂದಿನ ಐದು ದಿನ ನಾಕ್ಸ್‌ವಿಲ್‌ನಲ್ಲಿ ನಡೆದದ್ದು ಪೂರ್ತಿ ಗೊಂದಲ. ಅಥ್ಲೆಟಿಕ್ ಡೈರೆಕ್ಟರ್ ಜಾನ್ ಕರ್ರಿ ಒಬ್ಬರಾದ ಮೇಲೆ ಒಬ್ಬರ ಬಾಗಿಲು ತಟ್ಟಿದರು. ಒಕ್ಲಹೋಮ ಸ್ಟೇಟ್‌ನ ಮೈಕ್ ಗಂಡಿ ಬರಲಿಲ್ಲ. ಪರ್ಡ್ಯೂನ ಜೆಫ್ ಬ್ರೋಮ್ ಬರಲಿಲ್ಲ. ನಾರ್ತ್ ಕ್ಯಾರೊಲೈನಾ ಸ್ಟೇಟ್‌ನ ಡೇವ್ ಡೋರೆನ್ ಇದ್ದಲ್ಲೇ ಉಳಿದರು. ಕೊನೆಗೆ ಕರ್ರಿ ಲಾಸ್ ಏಂಜಲೀಸ್‌ಗೆ ಹೋಗಿ ವಾಷಿಂಗ್ಟನ್ ಸ್ಟೇಟ್‌ನ ಕೋಚ್ ಮೈಕ್ ಲೀಚ್ ಜೊತೆ ಮಾತಾಡಿದರು. ವಾಪಸ್ ಬರುವಂತೆ ಕರೆ ಬಂತು. ಬಂದ ಕೂಡಲೇ, ಡಿಸೆಂಬರ್ 1ರಂದು, ಅವರನ್ನು ಅಮಾನತು ಮಾಡಿದರು. ಅವರ ಜಾಗಕ್ಕೆ ಬಂದವರು ಫುಲ್ಮರ್. 2008ರಲ್ಲಿ ಮನೆಗೆ ಕಳಿಸಿದ್ದ ಅದೇ ಫುಲ್ಮರ್.

ಫುಲ್ಮರ್ ಆರಿಸಿದ್ದು ಅಲಬಾಮಾದ ಡಿಫೆನ್ಸ್ ಕೋಚ್ ಜೆರೆಮಿ ಪ್ರುಯಿಟ್ ಅವರನ್ನು. ಜನ ಸಮಾಧಾನಪಟ್ಟುಕೊಂಡರು. ಆದರೆ ಆಟಗಾರರನ್ನು ಸೆಳೆಯುವಾಗ ನಿಯಮ ಮುರಿದ ಪ್ರಕರಣ ಹೊರಬಂತು. 2021ರ ಜನವರಿಯಲ್ಲಿ ಪ್ರುಯಿಟ್ ಅವರನ್ನು ವಜಾ ಮಾಡಿದರು. ತನಿಖೆ ಮುಗಿದಾಗ ಸಿಕ್ಕಿದ್ದು 200ಕ್ಕೂ ಹೆಚ್ಚು ಉಲ್ಲಂಘನೆ. 2023ರಲ್ಲಿ ವಿಶ್ವವಿದ್ಯಾಲಯಕ್ಕೆ 80 ಲಕ್ಷ ಡಾಲರ್ ದಂಡ. ಇತ್ತ ಗ್ರೂಡನ್ 2018ರ ಜನವರಿಯಲ್ಲೇ ರೇಡರ್ಸ್ ಅನ್ನುವ ವೃತ್ತಿಪರ ತಂಡ ಸೇರಿದ್ದರು, ಹತ್ತು ವರ್ಷಕ್ಕೆ 10 ಕೋಟಿ ಡಾಲರ್ ಅಂತ ವರದಿಯಾಗಿತ್ತು. 2021ರ ಅಕ್ಟೋಬರ್‌ನಲ್ಲಿ, ಅವರ ಹಳೆಯ ಇಮೇಲ್‌ಗಳಲ್ಲಿನ ಕೀಳು ಭಾಷೆ ಬಯಲಾಗಿ ರಾಜೀನಾಮೆ ಕೊಟ್ಟರು. ಅಷ್ಟು ವರ್ಷ ಕಾದ ಹೆಸರಿನ ಗತಿ ಹಾಗಾಯಿತು.

ಪ್ರುಯಿಟ್ ಹೋದ ಮೇಲೆ ಹೊಸ ಅಥ್ಲೆಟಿಕ್ ಡೈರೆಕ್ಟರ್ ಡ್ಯಾನಿ ವೈಟ್ ಬಂದರು. ತಾವು ಮೊದಲು ಕೆಲಸ ಮಾಡುತ್ತಿದ್ದ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯದಿಂದ ತಮ್ಮ ಕೋಚ್ ಜಾಶ್ ಹೈಪಲ್ ಅವರನ್ನೇ ಕರೆತಂದರು. ಯಾವ ಬೀದಿಯಲ್ಲೂ ಯಾರೂ ಈ ಹೆಸರು ಕೂಗಿರಲಿಲ್ಲ. ‘ಇಷ್ಟೇನಾ?’ ಅಂದವರೇ ಜಾಸ್ತಿ.

2022ರ ಅಕ್ಟೋಬರ್ 15. ನೇಲ್ಯಾಂಡ್‌ನಲ್ಲಿ ಅಲಬಾಮಾ ಎದುರು ಪಂದ್ಯ. ಹಿಂದಿನ ಹದಿನೈದು ವರ್ಷ ಒಂದು ಸಲವೂ ಟೆನ್ನೆಸ್ಸಿ ಅಲಬಾಮಾವನ್ನು ಸೋಲಿಸಿರಲಿಲ್ಲ. ಗಡಿಯಾರದಲ್ಲಿ ಎರಡು ಸೆಕೆಂಡ್ ಉಳಿದಿದೆ, ಎರಡೂ ಕಡೆ 49. ಚೇಸ್ ಮೆಕ್‌ಗ್ರಾತ್ 40 ಗಜದಿಂದ ಒದ್ದರು. ಚೆಂಡು ಸರಿಯಾಗಿ ಹೊಡೆತಕ್ಕೆ ಕೂರಲಿಲ್ಲ, ಗಾಳಿಯಲ್ಲಿ ಓಲಾಡುತ್ತಾ ಹೋಯಿತು. ಆದರೂ ಗೋಲ್ ಕಂಬದ ಅಡ್ಡಪಟ್ಟಿಯ ಮೇಲಿಂದ ದಾಟಿತು, ಮೂರು ಅಂಕ. 52-49. ಜನ ಮೈದಾನಕ್ಕೆ ನುಗ್ಗಿದರು. ಗೋಲ್ ಕಂಬ ಕಿತ್ತರು, ಹೊತ್ತುಕೊಂಡು ಹೋಗಿ ಟೆನ್ನೆಸ್ಸಿ ನದಿಗೆ ಹಾಕಿದರು. ಈ ಸಲ ದಂಡ 1 ಲಕ್ಷ ಡಾಲರ್. ಹೊಸ ಕಂಬಕ್ಕೆ ಅಭಿಮಾನಿಗಳೇ ಚಂದಾ ಎತ್ತಿಕೊಟ್ಟರು. ಆ ಸೀಸನ್ 11 ಗೆಲುವು, 2 ಸೋಲಿನೊಂದಿಗೆ ಮುಗಿಯಿತು.

ಹೆಸರಿನ ಹಸಿವು ಮಾತ್ರ ಬೇರೆ ಊರುಗಳಲ್ಲಿ ಹಾಗೇ ಇದೆ. 2025ರ ಶರತ್ಕಾಲದಲ್ಲಿ ಫ್ಲೋರಿಡಾ ಮತ್ತು ಲೂಸಿಯಾನಾ ಸ್ಟೇಟ್ (ಎಲ್‌ಎಸ್‌ಯು) ವಿಶ್ವವಿದ್ಯಾಲಯಗಳು ಎರಡೂ ತಮ್ಮ ಕೋಚ್‌ಗಳನ್ನು ಕಳಿಸಿದವು. ಎರಡೂ ಕಡೆಯ ಅಭಿಮಾನಿಗಳಿಗೆ ಬೇಕಿದ್ದದ್ದು ಲೇನ್ ಕಿಫಿನ್. ಓಲ್ ಮಿಸ್ ಅಭಿಮಾನಿಗಳು ಉಸಿರು ಬಿಗಿಹಿಡಿದು ಕೂತರು. ತಂಡ 11 ಗೆದ್ದು 1 ಸೋತು, ರಾಷ್ಟ್ರೀಯ ಪಟ್ಟಕ್ಕೆ ನಡೆಯುವ ಕೊನೆ ಸುತ್ತಿನ, ಅಂದರೆ ಪ್ಲೇಆಫ್‌ನ, ಬಾಗಿಲಲ್ಲಿ ನಿಂತಿತ್ತು. ನವೆಂಬರ್ 30ರಂದು ಕಿಫಿನ್ ಎಲ್‌ಎಸ್‌ಯುಗೆ ಹೊರಟರು. ಆಕ್ಸ್‌ಫರ್ಡ್ ಅನ್ನುವ ಓಲ್ ಮಿಸ್ ಊರಿನ ಸಣ್ಣ ವಿಮಾನ ನಿಲ್ದಾಣದ ಬೇಲಿಗೆ ಅಂಟಿಕೊಂಡು ನಿಂತ ಜನ ಕೈ ತೋರಿಸಿ ಬೈದರು. 2010ರ ಆ ರಾತ್ರಿಯನ್ನು ನೋಡಿದ ನಾಕ್ಸ್‌ವಿಲ್‌ನವರಿಗೆ ಆ ಮುಖಗಳು ಚೆನ್ನಾಗಿ ಪರಿಚಯ.

ಓಲ್ ಮಿಸ್ ಅದೇ ದಿನ ತಂಡವನ್ನು ಡಿಫೆನ್ಸ್ ಕೋಚ್ ಪೀಟ್ ಗೋಲ್ಡಿಂಗ್ ಕೈಗೆ ಕೊಟ್ಟಿತು. ಪ್ಲೇಆಫ್‌ನಲ್ಲಿ ಅವರು ಮೊದಲು ಟುಲೇನ್ ತಂಡವನ್ನು ಸೋಲಿಸಿದರು. ಹೊಸ ವರ್ಷದ ದಿನ ಜಾರ್ಜಿಯಾವನ್ನು 39-34ರಿಂದ ಸೋಲಿಸಿದರು.