ಶಾರ್ಟೇಜ್ ಪಟ್ಟಿಗೆ ಕಾಯಬೇಡಿ

ನಮ್ಮ ಪದವಿ ಕಾಲೇಜುಗಳಲ್ಲಿ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹಾಜರಿ ಕಡಿಮೆ ಇರುವವರ ಶಾರ್ಟೇಜ್ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ‘ಅಪ್ಪ ಅಮ್ಮನ್ನ ಕರ್ಕೊಂಡು ಬಾ’ ಎನ್ನುವುದು ರೂಢಿ. ಕಾಲೇಜು ಬಿಡುವ ಮನಸ್ಸು ಮಾಡಿದ ಹುಡುಗ ಮರುದಿನದಿಂದ ತಾನೂ ಬರುವುದಿಲ್ಲ.

ಲೆಕ್ಕ ಹಾಕಿ. ಒಂದು ವಿಷಯಕ್ಕೆ ವಾರಕ್ಕೆ 4 ತರಗತಿ, 16 ವಾರ ಎಂದರೆ 64. ಶೇ 75ರ ಹಾಜರಿಗೆ 48 ಬೇಕು. ತಪ್ಪಿಸಬಹುದಾದದ್ದು 16, ಅಂದರೆ 4 ವಾರದ ಪಾಠ ಅಷ್ಟೇ. ಮೊದಲ ತಿಂಗಳಲ್ಲೇ ಅದು ಖರ್ಚಾದರೆ ಕೊನೆಯಲ್ಲಿ ಹೇಳಿದ ಬುದ್ಧಿಮಾತಿಗೆ ಏನು ಬೆಲೆ? ಪ್ರತಿ ಶನಿವಾರ ಹಾಜರಿ ಪುಸ್ತಕ ತೆರೆಯಿರಿ. ಸತತ 3 ದಿನ ಬಾರದವರಿಗೆ ಅಂದೇ ಫೋನ್ ಹೋಗಲಿ.

ಶೇಕಡಾವಾರಿಗಿಂತ ಗೈರು ಎಲ್ಲಿ ಬಿದ್ದಿದೆ ಎನ್ನುವುದನ್ನು ನೋಡಿ. ದಿನವೂ ಮೊದಲ ಪೀರಿಯಡ್ ತಪ್ಪುತ್ತಿದ್ದರೆ ಸಾಮಾನ್ಯವಾಗಿ ಬಸ್ಸಿನ ಸಮಸ್ಯೆ, ಇಲ್ಲವೇ ರಾತ್ರಿ ಪಾಳಿಯ ಕೆಲಸ. ಮೊದಲ ಇಂಟರ್ನಲ್ಸ್ ಆದ ಮೇಲೆ ಒಂದೇ ವಿಷಯಕ್ಕೆ ಗೈರಾದರೆ ಬಹುಮಟ್ಟಿಗೆ ಭಯ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಂದವರಲ್ಲಿ ಇದು ಹೆಚ್ಚು. ಆ ಪತ್ರಿಕೆಗೆ ಕನ್ನಡದಲ್ಲಿ ಉತ್ತರಿಸಲು ವಿಶ್ವವಿದ್ಯಾಲಯದ ಅನುಮತಿ ಇದೆಯೇ ಎಂದು ವಿಚಾರಿಸಿ ಅವರಿಗೆ ತಿಳಿಸಿ. ಎಷ್ಟೋ ಮಕ್ಕಳಿಗೆ ಅದು ಗೊತ್ತೇ ಇರುವುದಿಲ್ಲ. ಪರೀಕ್ಷಾ ಶುಲ್ಕದ ಕೊನೆಯ ದಿನಾಂಕದ ಆಸುಪಾಸಿನಲ್ಲಿ ಮಾಯವಾದರೆ ದುಡ್ಡಿನ ತೊಂದರೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ವಿದ್ಯಾರ್ಥಿವೇತನ ಮಂಜೂರಾಗಿದ್ದರೂ ಕೈಗೆ ಬಾರದಿದ್ದರೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ದಾಖಲೆ, ನೋಡಿಸಿ. ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೆ ಹೋಗುತ್ತದೆ. ಪಾಸ್‌ಬುಕ್ ಹಿಡಿದು ಇನ್ನೊಂದು ಬ್ಯಾಂಕಿನ ಮುಂದೆ ನಿಂತರೆ ಸಿಗುವುದಿಲ್ಲ.

ಫೋನಿನಲ್ಲಿ ‘ಯಾಕೆ ಬರ್ತಿಲ್ಲ?’ ಎಂದರೆ ‘ಹುಷಾರಿರಲಿಲ್ಲ ಸರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಸೋಮವಾರ ಎಷ್ಟು ಗಂಟೆ ಬಸ್ಸಿಗೆ ಬರ್ತೀಯಪ್ಪಾ?’ ಎಂದು ಕೇಳಿ. ಬರಲಾಗದ ಕಾರಣ ತಾನಾಗಿ ಹೊರಬೀಳುತ್ತದೆ.

ಮನೆಗೆ ಫೋನ್ ಮಾಡುವ ಮೊದಲು ವಿದ್ಯಾರ್ಥಿಯನ್ನು ಕೇಳಲೇಬೇಕು. ‘ನಿಮ್ಮ ಮಗಳು ಕ್ಲಾಸಿಗೆ ಬರ್ತಿಲ್ಲ’ ಎಂಬ ಒಂದು ಮಾತು ಸಾಕು, ಕೆಲವು ಮನೆಗಳಲ್ಲಿ ಓದು ನಿಲ್ಲಿಸಿ ಗಂಡು ನೋಡಲು ಶುರುಮಾಡುತ್ತಾರೆ. ವಿದ್ಯಾರ್ಥಿ ಸಾಯುವ ಮಾತಾಡಿದರೆ ಮಾತ್ರ ಬೇರೆ ದಾರಿ: ಒಂಟಿಯಾಗಿ ಬಿಡದೆ ಜೊತೆಗಿದ್ದು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ನಂಬುವ ಹಿರಿಯರೊಬ್ಬರಿಗೆ ತಕ್ಷಣ ತಿಳಿಸಿ.

ಟಿಸಿ ಕೇಳಿ ಬಂದವರನ್ನು ತಡೆಯಿರಿ ಎನ್ನುತ್ತಿಲ್ಲ, ಅದು ಅವರ ಹಕ್ಕು. ಆದರೆ ಗುಮಾಸ್ತರು ಅರ್ಜಿ ಪಡೆದ ದಿನವೇ ಆ ವಿದ್ಯಾರ್ಥಿಯ ಹೊಣೆ ಹೊತ್ತ ಅಧ್ಯಾಪಕರಿಗೆ, ಅಂದರೆ ಮೆಂಟರ್‌ಗೆ ಹೇಳಲಿ. ಉಳಿದ ಪತ್ರಿಕೆಗಳೆಷ್ಟು, ಮರುಪ್ರವೇಶಕ್ಕೆ ಯಾವಾಗ ಅರ್ಜಿ ಹಾಕಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಟಿಸಿ ಜೊತೆಗೇ ಕೊಡಿ.